ಹಾಕೆನ್‌ಹೈಮ್ 2010: ದಾರಿ ಬಿಟ್ಟವನ ಬಾಯಿಗೆ ಬೇರೆಯವರ ಮಾತು

2010ರ ಜುಲೈ 25, ಭಾನುವಾರ. ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ 67 ಸುತ್ತಿನ ಫಾರ್ಮುಲಾ ಒನ್ ರೇಸ್. ಶುರುವಿನಲ್ಲೇ ಮುನ್ನುಗ್ಗಿದ್ದ ಫೆರಾರಿಯ ಫೆಲಿಪೆ ಮಾಸಾ 48ನೇ ಸುತ್ತು ಮುಗಿದಾಗಲೂ ಮುಂದೆಯೇ ಇದ್ದ. ಮುಂದಿನ ಸುತ್ತಿನಲ್ಲಿ ಒಂದು ತಿರುವು ದಾಟುತ್ತಿದ್ದಂತೆ ಅವನ ಕಾರು ಮಂಕಾಯಿತು. ಹಿಂದಿದ್ದ ಫರ್ನಾಂಡೊ ಅಲೊನ್ಸೊ ಪಕ್ಕದಿಂದ ದಾಟಿಕೊಂಡು ಹೋದ, ಕೊನೆಗೆ ಗೆದ್ದ. ಅಲೊನ್ಸೊನೂ ಫೆರಾರಿಯವನೇ.

ಶಿರಸಿಯಲ್ಲಿ ಕೂತು ರೇಸ್ ನೋಡುವ ನಮ್ಮದೊಂದು ಗುಂಪಿದೆ. ಗ್ಯಾರೇಜ್ ನಡೆಸುವ ಅಣ್ಣ, ಒಂದಿಷ್ಟು ಕಾಲೇಜು ಹುಡುಗರು, ರಜೆಗೆ ಕಾರವಾರದಿಂದ ಬರುವ ನನ್ನ ಗೆಳತಿ, ಸರ್ಕಾರಿ ಬಸ್ ಓಡಿಸಿ ನಿವೃತ್ತರಾದ ನಮ್ಮ ಮಾವ. ಟೀಮ್ ಆರ್ಡರ್, ಅಂದರೆ ಜೊತೆಗಾರನಿಗೆ ದಾರಿ ಬಿಡು ಅಂತ ಟೀಮು ತನ್ನ ಚಾಲಕನಿಗೆ ಕೊಡುವ ಆದೇಶ, ಅದರ ಮಾತು ಎದ್ದಾಗಲೆಲ್ಲ ನಾವು ಬಂದು ನಿಲ್ಲುವುದು ಈ ರೇಸಿಗೇ. ಹುಡುಗರು ಆಗ ತೀರಾ ಚಿಕ್ಕವರು. ಈಗ ಹಳೆಯ ವಿಡಿಯೊ ಹುಡುಕಿ ನೋಡಿಕೊಂಡೇ ವಾದಕ್ಕೆ ಬರುತ್ತಾರೆ. ಅವರಿಗಾಗಿ, ಮತ್ತು ಈ ಆಟದ ಬಗ್ಗೆ ಕುತೂಹಲ ಇರುವ ಎಲ್ಲರಿಗಾಗಿ, ಈ ಪ್ರಕರಣವನ್ನು ಒಮ್ಮೆ ಪೂರ್ತಿ ಬಿಡಿಸಿ ಬರೆಯೋಣ ಅನಿಸಿತು.

ಎರಡು ಕಾರು, ಎರಡು ಲೆಕ್ಕ

ಮೊದಲು ಆಟದ ಒಳಗಿನ ತೊಡಕು ಗೊತ್ತಿರಬೇಕು. ಫಾರ್ಮುಲಾ ಒನ್‌ನಲ್ಲಿ ಪ್ರತಿ ಟೀಮಿಗೆ ಎರಡು ಕಾರು, ಇಬ್ಬರು ಚಾಲಕರು. ವರ್ಷದ ಕೊನೆಗೆ ಎರಡು ಪಟ್ಟ ಇರುತ್ತವೆ, ಒಂದು ಚಾಲಕನಿಗೆ, ಇನ್ನೊಂದು ಟೀಮಿಗೆ. ಟೀಮಿನ ಪಟ್ಟಕ್ಕೆ ಇಬ್ಬರ ಅಂಕವನ್ನೂ ಕೂಡಿಸುತ್ತಾರೆ. ಹಾಗಾಗಿ ತಮ್ಮ ಇಬ್ಬರಲ್ಲಿ ಯಾರು ಮುಂದೆ ಬಂದರೂ ಆ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಆದರೆ ಚಾಲಕನ ಪಟ್ಟ ಒಬ್ಬನಿಗೇ ಸಿಗುವುದು. ಅಲ್ಲಿ ನಿನ್ನ ಮೊದಲ ಎದುರಾಳಿ ಅಂದರೆ ನಿನ್ನಂಥದ್ದೇ ಕಾರು ಓಡಿಸುವ ನಿನ್ನ ಜೊತೆಗಾರ. ಟೀಮಿಗೆ ದುಡಿಯಬೇಕು, ಟೀಮಿನವನನ್ನೇ ಸೋಲಿಸಲೂಬೇಕು. ಎಲ್ಲ ಜಗಳ ಹುಟ್ಟುವುದು ಇಲ್ಲಿಂದಲೇ.

ಹಿಂದಿನ ಕಾಲದಲ್ಲಿ ಇದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. 1956ರಲ್ಲಿ ಇಟಲಿಯ ಮೊಂಜಾದಲ್ಲಿ ಫೆರಾರಿಯ ಪೀಟರ್ ಕಾಲಿನ್ಸ್ ತನಗೂ ಪಟ್ಟ ಸಿಗುವ ಸಾಧ್ಯತೆ ಇದ್ದಾಗಲೇ ಕಾರಿನಿಂದ ಇಳಿದು ಅದನ್ನು ಹುವಾನ್ ಮ್ಯಾನುಯೆಲ್ ಫಾಂಜಿಯೊಗೆ ಬಿಟ್ಟುಕೊಟ್ಟ. ಚಾಲಕರು ರೇಸಿನ ಮಧ್ಯೆ ಕಾರು ಹಂಚಿಕೊಳ್ಳಲು ಆಗ ಅವಕಾಶ ಇತ್ತು. ಫಾಂಜಿಯೊ ಆ ವರ್ಷದ ಚಾಂಪಿಯನ್ ಆದ. ಕಾಲಿನ್ಸ್‌ನನ್ನು ಜನ ಇವತ್ತಿಗೂ ದೊಡ್ಡ ಮನಸ್ಸಿನವ ಅಂತಲೇ ನೆನೆಯುತ್ತಾರೆ.

ಜನರ ಮನಸ್ಸು ಮುರಿದದ್ದು 2002ರ ಮೇ 12ರಂದು, ಆಸ್ಟ್ರಿಯಾದಲ್ಲಿ. ಫೆರಾರಿಯ ರುಬೆನ್ಸ್ ಬ್ಯಾರಿಚೆಲೊ ಮೊದಲ ಸ್ಥಾನದಿಂದ ಹೊರಟು ರೇಸಿನುದ್ದಕ್ಕೂ ಚೆನ್ನಾಗಿ ಓಡಿಸಿದ್ದ. ಕೊನೆಯ ಸುತ್ತಿನ ಕೊನೆಯ ಕೆಲವೇ ಮೀಟರ್‌ಗಳಲ್ಲಿ ಟೀಮಿನ ಮಾತಿಗೆ ನಿಧಾನ ಮಾಡಿದ. ಮೈಕೆಲ್ ಶುಮಾಕರ್ 0.182 ಸೆಕೆಂಡ್ ಅಂತರದಲ್ಲಿ ಗೆದ್ದ. ಅದು ವರ್ಷದ ಆರನೇ ರೇಸ್. ಅದಕ್ಕೂ ಮುಂಚಿನ ಐದರಲ್ಲಿ ನಾಲ್ಕನ್ನು ಶುಮಾಕರ್ ಗೆದ್ದಾಗಿತ್ತು. ಆಗ ಅವನಿಗೆ 44 ಅಂಕ, ಎರಡನೆಯವನಾಗಿದ್ದ ಹುವಾನ್ ಪಾಬ್ಲೊ ಮೊಂಟೊಯಾಗೆ 23. ಹಸಿವೇ ಇಲ್ಲದವನ ತಟ್ಟೆಗೆ ಬಡಿಸಿದ ಹಾಗೆ ಇತ್ತು ಅದು. ಜನ ಕೂಗಿ ಛೀಮಾರಿ ಹಾಕಿದರು. ಮುಜುಗರಪಟ್ಟ ಶುಮಾಕರ್ ವೇದಿಕೆಯ ಮೇಲಿನ ಮೆಟ್ಟಿಲಿಗೆ ಬ್ಯಾರಿಚೆಲೊನನ್ನು ಹತ್ತಿಸಿದ, ಗೆದ್ದವನ ಕಪ್ಪನ್ನೂ ಅವನಿಗೇ ಕೊಟ್ಟ. ಟೀಮ್ ಆರ್ಡರ್ ಕೊಡಬಾರದು ಅನ್ನುವ ನಿಯಮ ಆಗ ಇರಲಿಲ್ಲ. ಹಾಗಾಗಿ ಆಟದ ಆಡಳಿತ ಮಂಡಳಿಯಾದ ಎಫ್‌ಐಎ ದಂಡ ಹಾಕಿದ್ದು ವೇದಿಕೆಯ ಶಿಷ್ಟಾಚಾರ ಮುರಿದದ್ದಕ್ಕೆ! ಒಟ್ಟು 10 ಲಕ್ಷ ಡಾಲರ್, ಅದರಲ್ಲಿ ಅರ್ಧ ತಡೆಹಿಡಿದದ್ದು.

ಆ ಗಲಾಟೆಯಿಂದಲೇ 2003ರಲ್ಲಿ ಹೊಸ ನಿಯಮ ಬಂತು. ರೇಸಿನ ಫಲಿತಾಂಶದಲ್ಲಿ ಕೈಯಾಡಿಸುವ ಟೀಮ್ ಆರ್ಡರ್ ನಿಷಿದ್ಧ, ಅಷ್ಟೇ. 2010ರಲ್ಲಿ ಅದು ನಿಯಮ ಪುಸ್ತಕದ 39.1ನೇ ಕಲಮು.

ನಿಯಮ ಬಂದ ಮೇಲೆ ಟೀಮ್ ಆರ್ಡರ್ ನಿಂತಿತಾ? ಇಲ್ಲ. 2007ರಲ್ಲಿ ಬ್ರೆಜಿಲ್‌ನಲ್ಲಿ ಇದೇ ಮಾಸಾ ತನ್ನ ಊರಿನವರೆದುರು ಮುಂದಿದ್ದ. ಪಿಟ್‌ಗೆ, ಅಂದರೆ ಟೈರ್ ಬದಲಿಸಲು ಟ್ರ್ಯಾಕಿನ ಪಕ್ಕದ ಟೀಮಿನ ಜಾಗಕ್ಕೆ, ಬರುವ ಹೊತ್ತು ಹೊಂದಿಸಿ ಜೊತೆಗಾರ ಕಿಮಿ ರೈಕೊನೆನ್‌ನನ್ನು ಮುಂದೆ ಬಿಟ್ಟರು. ರೈಕೊನೆನ್ 110-109ರಲ್ಲಿ, ಒಂದೇ ಅಂಕದಿಂದ, ಚಾಂಪಿಯನ್ ಆದ. ಮರುವರ್ಷ ಚೀನಾದಲ್ಲಿ ರೈಕೊನೆನ್ ಮಾಸಾನಿಗೆ ಎರಡನೇ ಸ್ಥಾನ ಬಿಟ್ಟುಕೊಟ್ಟ. ಎರಡಕ್ಕೂ ಶಿಕ್ಷೆ ಆಗಲಿಲ್ಲ. ಅಂದರೆ ಮಾಸಾ ಈ ಪದ್ಧತಿಗೆ ಹೊಸಬನಲ್ಲ. ಕೊಟ್ಟೂ ಗೊತ್ತಿತ್ತು, ತಗೊಂಡೂ ಗೊತ್ತಿತ್ತು. ಹಾಗಾದರೆ ಹಾಕೆನ್‌ಹೈಮ್ ಮಾತ್ರ ಯಾಕೆ ಇಷ್ಟು ನೋಯಿಸಿತು?

ರೇಸಿಗೆ ಮುಂಚಿನ ಸ್ಥಿತಿ

2009ರ ಜುಲೈ 25. ಇಸವಿ ಬಿಟ್ಟರೆ ಅದೇ ದಿನ. ಹಂಗೇರಿಯಲ್ಲಿ, ರೇಸಿಗೆ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಅರ್ಹತಾ ಸುತ್ತು ನಡೆದಿತ್ತು. ಮುಂದೆ ಹೋಗುತ್ತಿದ್ದ ಬ್ಯಾರಿಚೆಲೊನ ಕಾರಿನಿಂದ ಒಂದು ಸ್ಪ್ರಿಂಗ್ ಕಳಚಿ ಬಿತ್ತು. ಅದು ಪುಟಿದು ಬಂದು ಮಾಸಾನ ಹೆಲ್ಮೆಟ್‌ಗೆ, ಎಡಗಣ್ಣಿನ ಮೇಲ್ಭಾಗಕ್ಕೆ ಬಡಿಯಿತು. ತಲೆಬುರುಡೆ ಬಿರುಕು ಬಿಟ್ಟಿತು. ಜೀವ ಉಳಿದದ್ದೇ ಹೆಚ್ಚು ಅನ್ನುವ ಸ್ಥಿತಿ. ಆ ವರ್ಷ ಅವನು ಮತ್ತೆ ರೇಸ್ ಮಾಡಲಿಲ್ಲ. 2010ರ ಮಾರ್ಚ್‌ನಲ್ಲಿ ಬಹ್ರೇನ್‌ನಲ್ಲಿ ವಾಪಸ್ ಬಂದ, ಎರಡನೆಯವನಾಗಿ ಮುಗಿಸಿದ. ಆ ರೇಸ್ ಗೆದ್ದದ್ದು ಫೆರಾರಿಗೆ ಆಗಷ್ಟೇ ಸೇರಿದ್ದ, 2005 ಮತ್ತು 2006ರ ಚಾಂಪಿಯನ್ ಅಲೊನ್ಸೊ.

ಹಾಕೆನ್‌ಹೈಮ್‌ಗೆ ಬರುವ ಹೊತ್ತಿಗೆ ಅಂಕಪಟ್ಟಿ ಹೀಗಿತ್ತು. ಬೇರೆ ಟೀಮುಗಳ ಚಾಲಕರಾದ ಹ್ಯಾಮಿಲ್ಟನ್ 145, ಬಟನ್ 133, ವೆಬರ್ 128, ವೆಟೆಲ್ 121; ಆಮೇಲೆ ಅಲೊನ್ಸೊ 98. ಮಾಸಾ 67ರಲ್ಲಿ ತುಂಬಾ ಕೆಳಗಿದ್ದ. ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18. ಆ ರೇಸೂ ಸೇರಿ ಇನ್ನು ಒಂಬತ್ತು ರೇಸ್ ಉಳಿದಿದ್ದವು. ಮಾಸಾನ ಒಪ್ಪಂದವನ್ನು ಫೆರಾರಿ ಜೂನ್‌ನಲ್ಲಷ್ಟೇ 2012ರವರೆಗೆ ಮುಂದುವರಿಸಿತ್ತು.

ನಮ್ಮ ಕಡೆಯಿಂದ ನೋಡುವವರಿಗೂ ಅದು ಬೇಸರದ ವಾರವೇ. ಎಚ್‌ಆರ್‌ಟಿ ಟೀಮಿನಲ್ಲಿ ಓಡಿಸುತ್ತಿದ್ದ ಭಾರತದ ಕರುಣ್ ಚಂದೋಕ್‌ನನ್ನು ಹೊರಗೆ ಕೂರಿಸಿ, ಅವನ ಕಾರನ್ನು ಸಕೊನ್ ಯಮಾಮೊಟೊಗೆ ಕೊಟ್ಟದ್ದು ಇದೇ ರೇಸಿನಿಂದ. ಈ ಆಟದಲ್ಲಿ ಎರಡನೇ ಸಾಲಿನವರ ಜಾಗ ಎಷ್ಟು ಸಡಿಲ ಅನ್ನುವುದು ನಮಗೆ ಆ ವಾರ ಎರಡು ಸಲ ಕಂಡಿತು.

ಆ ದಿನ ನಡೆದದ್ದು

ಮೊದಲ ಸ್ಥಾನದಿಂದ ಹೊರಡಬೇಕಿದ್ದವ ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟೆಲ್. ಅರ್ಹತಾ ಸುತ್ತಿನಲ್ಲಿ ಅಲೊನ್ಸೊನಿಗಿಂತ 0.002 ಸೆಕೆಂಡ್ ಮಾತ್ರ ವೇಗ. ದೀಪ ಆರಿದ ಕೂಡಲೇ ವೆಟೆಲ್ ಅಲೊನ್ಸೊನನ್ನು ತಡೆಯಲು ಗೋಡೆಯ ಕಡೆ ವಾಲಿದ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವಷ್ಟರಲ್ಲಿ ಮೂರನೇ ಜಾಗದಲ್ಲಿದ್ದ ಮಾಸಾ ಹೊರಗಿನಿಂದ ಬಳಸಿಕೊಂಡು ಇಬ್ಬರನ್ನೂ ದಾಟಿಬಿಟ್ಟ. ಯಾರೂ ಬಿಟ್ಟುಕೊಟ್ಟದ್ದಲ್ಲ. ಸ್ವಂತ ಜಾಣ್ಮೆಯಿಂದ ಗಳಿಸಿದ ಜಾಗ.

ಟೈರ್ ಬದಲಿಸಿ ಗಟ್ಟಿ ಟೈರ್ ಹಾಕಿಕೊಂಡ ಮೇಲೆ ಮಾಸಾನಿಗೆ ಸ್ವಲ್ಪ ಕಷ್ಟವಾಯಿತು. ಗಟ್ಟಿ ಟೈರ್ ಬಿಸಿಯಾಗುವುದು ತಡ, ಅಲ್ಲಿಯವರೆಗೆ ಹಿಡಿತ ಸಿಗುವುದಿಲ್ಲ. ಅಲೊನ್ಸೊ ಹತ್ತಿರ ಬಂದ, ದಾಟಲು ನೋಡಿದ. ಮಾಸಾ ಬಿಡಲಿಲ್ಲ. ಆಗ ಅಲೊನ್ಸೊ ರೇಡಿಯೊದಲ್ಲಿ ಸಿಟ್ಟಿನಿಂದ ಹೇಳಿದ: "ಇದು ನಗೆಪಾಟಲು." ಅದು ಟಿವಿಯಲ್ಲೂ ಕೇಳಿಸಿತು.

ಆಮೇಲೆ ಬಂತು ಆ ಸಂದೇಶ. ಕಳಿಸಿದವ ಮಾಸಾನ ಎಂಜಿನಿಯರ್ ರಾಬ್ ಸ್ಮೆಡ್ಲಿ. ಇಬ್ಬರೂ ಅಣ್ಣ ತಮ್ಮಂದಿರ ಹಾಗಿದ್ದವರು. ಸ್ಮೆಡ್ಲಿ ಒಂದೊಂದೇ ಪದ ತೂಗಿ, ನಿಧಾನವಾಗಿ ಹೇಳಿದ: "ಸರಿ... ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ. ಈ ಸಂದೇಶ ಅರ್ಥವಾಯಿತು ಅಂತ ಖಚಿತಪಡಿಸ್ತೀಯಾ?"

ಹಾಕೆನ್‌ಹೈಮ್‌ನ ಆರನೇ ತಿರುವು ಒಂದು ಹೇರ್‌ಪಿನ್. ಪ್ಯಾರಾಬೊಲಿಕಾ ಅನ್ನುವ ಉದ್ದನೆಯ ಬಾಗು ದಾರಿಯಲ್ಲಿ ಪೂರ್ಣ ವೇಗದಲ್ಲಿ ಬಂದು, ಜೋರಾಗಿ ಬ್ರೇಕ್ ಒತ್ತಿ, ಪೂರಾ ತಿರುಗಿ, ಮತ್ತೆ ವೇಗ ಏರಿಸಬೇಕು. 49ನೇ ಸುತ್ತಿನಲ್ಲಿ ಮಾಸಾ ಬ್ರೇಕ್ ಸರಿಯಾಗೇ ಹಾಕಿದ, ಸರಿಯಾಗೇ ತಿರುಗಿಸಿದ. ಹೊರಬರುವಾಗ ಮಾತ್ರ ಕಾರು ಏಳಲಿಲ್ಲ. ಅಲೊನ್ಸೊ ಅಲ್ಲೇ ದಾಟಿದ. ವಿಡಿಯೊದಲ್ಲಿ ಈ ಜಾಗವನ್ನು ನಾವು ಮತ್ತೆ ಮತ್ತೆ ಹಿಂದೆ ಮುಂದೆ ಮಾಡಿ ನೋಡಿದ್ದೇವೆ. ವರ್ಷಗಟ್ಟಲೆ ದೇವಿಮನೆ ಘಟ್ಟ ಹತ್ತಿಳಿದ ಮಾವ ಒಂದು ಸಲ ನೋಡಿ ಹೇಳಿದ್ದರು: "ಕೂಸೇ, ಅದು ಗಾಡಿ ಸೋತಿದ್ದಲ್ಲ, ಸೋಲಿಸಿದ್ದು. ಸೋತ ಗಾಡಿ ತಿರುವಿನ ಒಳಗೇ ತಡವರಿಸ್ತದೆ. ಇವ ತಿರುವು ಅಷ್ಟು ಚೆಂದ ತೆಗೆದು, ಆಮೇಲೆ ಕಾಲು ಎತ್ತಿದಾನೆ."

ಅಲೊನ್ಸೊ ಮುಂದೆ ಹೋದ ಮೇಲೆ ಸ್ಮೆಡ್ಲಿ ಮತ್ತೆ ರೇಡಿಯೊಗೆ ಬಂದ. ಒಳ್ಳೆಯ ಹುಡುಗ ನೀನು, ಇನ್ನು ಹೀಗೇ ಹಿಡಿದುಕೊಂಡು ಹೋಗು ಅಂದು, ಕೊನೆಗೆ ಒಂದು "ಸಾರಿ" ಸೇರಿಸಿದ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮನುಷ್ಯರಂತೆ ಕೇಳಿಸಿದ ಮಾತು ಅದೊಂದೇ. ಟೀಮಿನ ವಕೀಲರಿಗೆ ಅದರಷ್ಟು ತೊಂದರೆ ಕೊಟ್ಟ ಮಾತು ಇನ್ನೊಂದು ಇರಲಾರದು. ಬರೀ ಮಾಹಿತಿ ಕೊಟ್ಟವರು ಕ್ಷಮೆ ಯಾಕೆ ಕೇಳುತ್ತಾರೆ?

ರೇಸ್ ಮುಗಿದಾಗ ಅಲೊನ್ಸೊ ಮೊದಲು, ನಾಲ್ಕು ಸೆಕೆಂಡಿಗೂ ಚೂರು ಹೆಚ್ಚು ಅಂತರದಲ್ಲಿ ಮಾಸಾ, ಅವನ ಬೆನ್ನಿಗೇ ವೆಟೆಲ್.

ಮುಗಿದ ಮೇಲಿನ ಮಾತುಗಳು

ಪತ್ರಿಕಾಗೋಷ್ಠಿಯಲ್ಲಿ ಮಾಸಾ, ದಾರಿ ಬಿಟ್ಟದ್ದು ನನ್ನದೇ ತೀರ್ಮಾನ ಅಂದ. ಆ ಮುಖ ನೋಡಿದವರಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ಮಾಸಾನ ಕಾರು ತಿರುವಿನಿಂದ ನಿಧಾನವಾಗಿ ಹೊರಬಂತು, ಅದಕ್ಕೇ ದಾಟಿದೆ ಅಂದ ಅಲೊನ್ಸೊ. ಟೀಮಿನ ಮುಖ್ಯಸ್ಥ ಸ್ಟೆಫಾನೊ ಡೊಮೆನಿಕಾಲಿ, ನಾವು ಆದೇಶ ಕೊಡಲಿಲ್ಲ, ಚಾಲಕನಿಗೆ ಮಾಹಿತಿ ಕೊಟ್ಟೆವು, ಅವನು ಅರ್ಥ ಮಾಡಿಕೊಂಡ ಅನ್ನುವ ಅರ್ಥದಲ್ಲಿ ಮಾತಾಡಿದರು.

ತೀರ್ಪುಗಾರರು ಅದೇ ಸಂಜೆ ಫೆರಾರಿಗೆ 1 ಲಕ್ಷ ಡಾಲರ್ ದಂಡ ಹಾಕಿ, ಪ್ರಕರಣವನ್ನು ಎಫ್‌ಐಎಯ ವಿಶ್ವ ಮೋಟಾರ್ ಕ್ರೀಡಾ ಮಂಡಳಿಗೆ ಕಳಿಸಿದರು. ಸೆಪ್ಟೆಂಬರ್ 8ರಂದು ಪ್ಯಾರಿಸ್‌ನಲ್ಲಿ ವಿಚಾರಣೆ. ದಂಡ ಉಳಿಯಿತು, ಅದಕ್ಕಿಂತ ಹೆಚ್ಚಿನ ಶಿಕ್ಷೆ ಆಗಲಿಲ್ಲ. ಅಂಕ ಹಾಗೇ ಉಳಿಯಿತು. ಫೆರಾರಿಯಂಥ ಟೀಮಿಗೆ 1 ಲಕ್ಷ ಡಾಲರ್ ಅಂದರೆ ಏನು ಲೆಕ್ಕ? ಆಗ ಎಫ್‌ಐಎ ಅಧ್ಯಕ್ಷರಾಗಿದ್ದವರು ಜ್ಯಾನ್ ಟೊಡ್. 2002ರಲ್ಲಿ ಆಸ್ಟ್ರಿಯಾದಲ್ಲಿ ಫೆರಾರಿ ಟೀಮಿನ ಮುಖ್ಯಸ್ಥರಾಗಿದ್ದವರೂ ಅವರೇ. ಅಷ್ಟನ್ನು ದಾಖಲೆಗಾಗಿ ಹೇಳುತ್ತೇನೆ, ಅದರಿಂದ ಏನನ್ನೂ ಎಳೆದು ತೆಗೆಯುವುದಿಲ್ಲ.

ಡಿಸೆಂಬರ್‌ನಲ್ಲಿ ನಿಯಮವನ್ನೇ ಕಿತ್ತುಹಾಕಿದರು. 2011ರಿಂದ ಟೀಮ್ ಆರ್ಡರ್‌ಗೆ ನಿಷೇಧ ಇಲ್ಲ. ಆಟದ ಮರ್ಯಾದೆಗೆ ಧಕ್ಕೆ ತರಬಾರದು ಅನ್ನುವ ಸಾಮಾನ್ಯ ನಿಯಮ ಮಾತ್ರ ಉಳಿಯಿತು.

ಏಳು ಅಂಕದ ಬೆಲೆ

ಫೆರಾರಿ ಪರ ವಾದ ಮಾಡುವವರು ಲೆಕ್ಕ ಹಿಡಿದು ಬರುತ್ತಾರೆ. ಆ ಲೆಕ್ಕ ಸಣ್ಣದಲ್ಲ, ಅದಕ್ಕೇ ಅದನ್ನು ಸರಿಯಾಗಿ ನೋಡಬೇಕು.

ಆ ರೇಸಿನಲ್ಲಿ ಹ್ಯಾಮಿಲ್ಟನ್ ನಾಲ್ಕನೆಯವನಾಗಿ 157ಕ್ಕೆ ಹೋದ. ಮಾಸಾ ಗೆದ್ದಿದ್ದರೆ ಅವನಿಗೆ 92. ಅಂದರೆ ಇನ್ನೂ 65 ಹಿಂದೆ. ಅಲೊನ್ಸೊ ಗೆದ್ದು 123ಕ್ಕೆ ಬಂದ, ಬರೀ 34 ಹಿಂದೆ. ಎಂಟು ರೇಸ್ ಇರುವಾಗ 34 ದಾಟುವ ಅಂತರ. 65ನ್ನು ದಾಟುವುದು ಬಹಳ ಕಷ್ಟ. ಹಾಗಾಗಿ ಇದು 2002ರ ಆಸ್ಟ್ರಿಯಾದಂಥ ಅರ್ಥವಿಲ್ಲದ ದುರಾಸೆ ಅಲ್ಲ.

ಮುಂದೆ ಆದದ್ದೂ ಅವರ ಲೆಕ್ಕಕ್ಕೆ ಪುಷ್ಟಿ ಕೊಡುತ್ತದೆ. ಅಲೊನ್ಸೊ ಇಟಲಿ, ಸಿಂಗಪುರ, ಕೊರಿಯಾ ಗೆದ್ದ. ನವೆಂಬರ್ 14ರಂದು ಅಬುಧಾಬಿಯ ಕೊನೆಯ ರೇಸಿಗೆ ಬರುವಾಗ ಅವನೇ ಮುಂದು: 246. ವೆಬರ್ 238, ವೆಟೆಲ್ 231. ವೆಟೆಲ್ ಗೆದ್ದರೂ ಅಲೊನ್ಸೊ ನಾಲ್ಕನೆಯವನಾದರೆ ಪಟ್ಟ ಅವನದ್ದೇ. ಹಾಕೆನ್‌ಹೈಮ್‌ನ 7 ಅಂಕ ಇಲ್ಲದಿದ್ದರೆ ಎರಡನೇ ಸ್ಥಾನವೇ ಬೇಕಾಗುತ್ತಿತ್ತು. ಆದರೆ ಫೆರಾರಿಯವರು ವೆಬರ್ ಮೇಲೆ ಕಣ್ಣಿಟ್ಟು ಅಲೊನ್ಸೊನನ್ನು ಬೇಗ ಪಿಟ್‌ಗೆ ಕರೆದರು. ಹೊರಬಂದವ ವಿಟಾಲಿ ಪೆಟ್ರೊವ್‌ನ ರೆನೊ ಹಿಂದೆ ಸಿಕ್ಕಿಬಿದ್ದ. ಎಷ್ಟು ಪ್ರಯತ್ನಪಟ್ಟರೂ ದಾಟಲಾಗಲಿಲ್ಲ. ಏಳನೇ ಸ್ಥಾನ. ವೆಟೆಲ್ 256, ಅಲೊನ್ಸೊ 252.

"ನೋಡಿದ್ಯಾ, ನಾಲ್ಕೇ ಅಂಕ!" ಅನ್ನುತ್ತಾರೆ ಗ್ಯಾರೇಜಿನ ಅಣ್ಣ. "ಅಷ್ಟು ಹತ್ರ ಬಂದಿದ್ದೇ ಆ ಆರ್ಡರ್‌ನಿಂದ. ಸಂಬಳ ಕೊಡೋರು, ಕಾರು ಕೊಡೋರು ಅವರು. ಹೇಳಿದ್ದು ಕೇಳ್ಬೇಕು ಮಾರಾಯ್ತಿ."

ಹುಡುಗರಲ್ಲಿ ಒಬ್ಬ ಇದಕ್ಕೆ ಒಪ್ಪುವುದೇ ಇಲ್ಲ. "ಹಂಗಾದ್ರೆ ನಾವು ಯಾಕೆ ನೋಡ್ಬೇಕು ಅಕ್ಕಾ? ಲೆಕ್ಕ ಮಾಡಿ ಫಲಿತಾಂಶ ಕಳ್ಸಿದ್ರೆ ಆಯ್ತಲ್ಲ."

ಕಾರವಾರದ ಗೆಳತಿ ಇನ್ನೊಂದು ಕಡೆಯಿಂದ ಬರುತ್ತಾಳೆ. ಅವಳಿಗೆ ಮುಖ್ಯವಾದದ್ದು ತಾರೀಖು. ಸಾವಿನ ಬಾಯಿಂದ ಬಂದವನು ಸರಿಯಾಗಿ ವರ್ಷ ತುಂಬಿದ ದಿನ ಗೆಲ್ಲುತ್ತಿದ್ದ. ಅವನಿಂದ ಅದನ್ನು ಕಿತ್ತುಕೊಳ್ಳಬೇಕಾದರೆ ಮನಸ್ಸು ಹೇಗೆ ಬಂತು ಅಂತ ಅವಳ ಪ್ರಶ್ನೆ. ಅವಳ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಅದನ್ನೇ ಅಳತೆ ಮಾಡಿಕೊಂಡರೆ ಮುಂದಿನ ವಾರ ದಾರಿ ಬಿಡಬೇಕಾದವನಿಗೆ ಇಂಥ ಕತೆ ಇಲ್ಲದಿದ್ದರೆ ಪರವಾಗಿಲ್ಲ ಅಂದಂತೆ ಆಗುತ್ತದಲ್ವಾ?

ನನ್ನ ತಕರಾರು ಎಲ್ಲಿದೆ

ಆರ್ಡರ್ ಕೊಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪಲ್ಲ. ಟೀಮಿಗೆ ಲೆಕ್ಕ ಹಾಕುವ ಹಕ್ಕಿದೆ. ಮಾಸಾ ಒಪ್ಪಿಕೊಂಡು ಸಹಿ ಹಾಕಿದ ಕೆಲಸಗಾರ. ನನಗೆ ಸಹಿಸಲಾಗದ್ದು ಆಮೇಲಿನದು. ಅವನ ಗೆಲುವನ್ನು ತೆಗೆದುಕೊಂಡದ್ದಲ್ಲದೆ, ತಾನೇ ಕೊಟ್ಟೆ ಅಂತ ಅವನ ಬಾಯಿಂದಲೇ ಹೇಳಿಸಿದರು. ನಿರ್ಧಾರ ಮಾಡಿದವರು ಪಿಟ್ ಗೋಡೆಯ ಮೇಲೆ ಕೂತಿದ್ದರು. ಹೊಣೆ ಬಿದ್ದದ್ದು ಹೆಲ್ಮೆಟ್ ಒಳಗಿದ್ದವನ ಮೇಲೆ.

ನಮ್ಮ ಜಿಲ್ಲೆಯಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರಾತ್ರಿ ಸರಿಯುತ್ತಾ ಬಂದಾಗ ಭಾಗವತರು ಒಬ್ಬ ಕಲಾವಿದನ ಪದ್ಯ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ವೇಷಧಾರಿಗೆ ಬೇಜಾರಾಗಿರಬಹುದು, ಇನ್ನೂ ನಾಲ್ಕು ಹೆಜ್ಜೆ ಕುಣಿಯುವ ಆಸೆ ಇದ್ದಿರಬಹುದು. ಆದರೆ ಭಾಗವತರು ರಂಗಸ್ಥಳದಲ್ಲಿ ಎಲ್ಲರೆದುರಿಗೇ ಕೂತಿರುತ್ತಾರೆ. ಪದ್ಯ ಬಿಟ್ಟದ್ದು ಯಾರು ಅಂತ ಇಡೀ ಸಭೆಗೆ ಗೊತ್ತು. ಮರುದಿನ ಯಾರಾದರೂ ಬೈದರೆ ಭಾಗವತರನ್ನೇ ಬೈಯುತ್ತಾರೆ. ನನಗೇ ಸಾಕೆನಿಸಿತ್ತು ಅಂತ ವೇಷಧಾರಿ ಸುಳ್ಳು ಹೇಳಬೇಕಾಗಿಲ್ಲ.

ಹಾಕೆನ್‌ಹೈಮ್‌ನಲ್ಲಿ ಆ ಸುಳ್ಳು ಯಾಕೆ ಬೇಕಾಯಿತು? ನಿಯಮದಿಂದ. ಆದೇಶ ಕೊಟ್ಟೆವು ಅಂತ ಒಪ್ಪಿಕೊಂಡರೆ ಶಿಕ್ಷೆ. ಹಾಗಾಗಿ ಆದೇಶಕ್ಕೆ ಮಾಹಿತಿಯ ವೇಷ ಹಾಕಬೇಕಾಯಿತು. ವೇಷ ನಿಲ್ಲಬೇಕಾದರೆ ಚಾಲಕನೂ ಪಾತ್ರ ಮಾಡಬೇಕು. 2002ರಲ್ಲಿ ಬ್ಯಾರಿಚೆಲೊ ಗೆಲುವು ಕಳೆದುಕೊಂಡ, ಆದರೆ ಅನ್ಯಾಯ ಆಗಿದೆ ಅಂತ ಇಡೀ ಜಗತ್ತು ಅವನ ಪರ ನಿಂತಿತು. ಟೀಮ್ ಹೇಳಿತು, ಅವನು ಕೇಳಿದ, ಇದು ಎಲ್ಲರಿಗೂ ಗೊತ್ತಿತ್ತು. ಮಾಸಾನಿಗೆ ಆ ಸಮಾಧಾನವೂ ಸಿಗಲಿಲ್ಲ. ತನಗೆ ನೋವಾಗಿದೆ ಅಂತ ಹೇಳಿದರೆ ತನ್ನ ಟೀಮಿಗೇ ಶಿಕ್ಷೆ ತಂದಂತೆ. ನೋಡುವವರನ್ನು ಕಾಪಾಡಲು ತಂದ ನಿಯಮ ನೋಡುವವರಿಗೂ ಸುಳ್ಳು ಹೇಳಿಸಿತು, ದುರ್ಬಲನ ಬಾಯಿಯನ್ನೂ ಕಟ್ಟಿತು.

ಅದಕ್ಕೇ ಡಿಸೆಂಬರ್‌ನಲ್ಲಿ ನಿಯಮ ತೆಗೆದದ್ದು ಸರಿ ಅನ್ನುತ್ತೇನೆ. ನಮ್ಮ ಹುಡುಗರಿಗೆ ಇದು ಸೋಲು ಒಪ್ಪಿಕೊಂಡಂತೆ ಕಾಣುತ್ತದೆ. ಆದರೆ ಮುಂದೇನಾಯಿತು ನೋಡಿ.

2012ರ ನವೆಂಬರ್‌ನಲ್ಲಿ ಅಮೆರಿಕದ ಆಸ್ಟಿನ್. ಅಲೊನ್ಸೊ ಮತ್ತೆ ಪಟ್ಟದ ಪೈಪೋಟಿಯಲ್ಲಿದ್ದ, ಎದುರು ಮತ್ತೆ ವೆಟೆಲ್. ಅಲೊನ್ಸೊ ಹೊರಡಬೇಕಾದ 8ನೇ ಜಾಗ ಟ್ರ್ಯಾಕಿನ ದೂಳಿನ ಬದಿಯಲ್ಲಿತ್ತು, ಅಲ್ಲಿ ಹಿಡಿತ ಕಡಿಮೆ. ಫೆರಾರಿಯವರು ಮಾಸಾನ ಗೇರ್‌ಬಾಕ್ಸ್‌ನ ಸೀಲನ್ನು ಬೇಕೆಂದೇ ಒಡೆದರು. ಅದಕ್ಕೆ ನಿಯಮದಂತೆ ಐದು ಸ್ಥಾನದ ದಂಡ. ಮಾಸಾ 11ಕ್ಕೆ ಇಳಿದ, ಅಲೊನ್ಸೊ 7ಕ್ಕೆ ಏರಿ ಸ್ವಚ್ಛ ಬದಿಗೆ ಬಂದ. ಹಾಕೆನ್‌ಹೈಮ್‌ಗಿಂತ ಇದು ಕ್ರೂರ ಅನ್ನಬಹುದು, ಏನೂ ಕೆಡದ ಗೇರ್‌ಬಾಕ್ಸ್ ಅದು. ಆದರೆ ಈ ಸಲ ಟೀಮ್ ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಬಾಯಿಬಿಟ್ಟು ಹೇಳಿತು. ಮಾಸಾ 11ರಿಂದ ಹೊರಟು ನಾಲ್ಕನೆಯವನಾಗಿ ಮುಗಿಸಿದ, ಮೂರನೆಯವನಾದ ಅಲೊನ್ಸೊನ ಬೆನ್ನಿಗೇ. ಆ ದಿನ ಜನ ಮಾಸಾನನ್ನು ಹೊಗಳಿದರು. ಬೈಗುಳ ಸೇರಬೇಕಾದಲ್ಲಿಗೆ ಸೇರಿತು. ಅಲೊನ್ಸೊ ಆ ವರ್ಷವೂ ಪಟ್ಟ ತಪ್ಪಿಸಿಕೊಂಡ, ಮೂರು ಅಂಕದಿಂದ.

ಬಿಚ್ಚುಮಾತಿನಿಂದ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2013ರಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ರೆಡ್ ಬುಲ್ ಟೀಮ್ ವೆಬರ್ ಮುಂದಿರಲಿ, ಹಾಗೇ ಮುಗಿಸಿ ಅಂದಿತು. ವೆಟೆಲ್ ಕೇಳಲಿಲ್ಲ, ದಾಟಿ ಗೆದ್ದ. ಅದೇ ರೇಸಿನಲ್ಲಿ ಮರ್ಸಿಡಿಸ್‌ನ ನಿಕೊ ರೋಸ್‌ಬರ್ಗ್ ಟೀಮಿನ ಮಾತು ಕೇಳಿ ಹ್ಯಾಮಿಲ್ಟನ್ ಹಿಂದೆಯೇ ಉಳಿದ. ಮಾತು ಕೇಳಿದವನಿಗೆ ನಾಲ್ಕನೇ ಸ್ಥಾನ, ಕೇಳದವನಿಗೆ ಗೆಲುವು. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದರೆ ಯಾರು ಏನು ಮಾಡಿದರು ಅಂತ ನಮಗೆಲ್ಲ ಗೊತ್ತು. ವೆಬರ್ ಸಿಟ್ಟನ್ನು ನುಂಗಿಕೊಂಡು ನಗಬೇಕಾಗಲಿಲ್ಲ. ನ್ಯಾಯ ಸಿಗದಿದ್ದರೂ ಸತ್ಯ ಸಿಕ್ಕಿತು.

ಮಾಸಾನಿಗೇ ವಾಪಸ್ ಬರೋಣ. 2008ರ ಬ್ರೆಜಿಲ್ ರೇಸೇ ಅವನ ಕೊನೆಯ ಗೆಲುವಾಯಿತು. 2017ರವರೆಗೆ ಓಡಿಸಿದರೂ ಇನ್ನೊಂದು ಸಿಗಲಿಲ್ಲ. ಹಾಕೆನ್‌ಹೈಮ್‌ನಲ್ಲಿ ಸಿಕ್ಕಿದ್ದರೆ ಅದು ಹನ್ನೆರಡನೆಯದಾಗುತ್ತಿತ್ತು. ಆ ಒಂದು ಸಂದೇಶದಿಂದಲೇ ಅವನು ಕುಗ್ಗಿದ ಅಂತ ಹೇಳಲು ನಾನು ಹೋಗುವುದಿಲ್ಲ. ಅಲೊನ್ಸೊ ಒಟ್ಟಾರೆ ಅವನಿಗಿಂತ ವೇಗದವನು, ಅಂಕಪಟ್ಟಿಯೇ ಹೇಳುತ್ತದೆ: ವರ್ಷದ ಕೊನೆಗೆ 252 ಎದುರು 144. ಆದರೆ 2014ರ ಮಾರ್ಚ್ 30ರಂದು ಸೆಪಾಂಗ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಮಾಸಾ ಆಗ ವಿಲಿಯಮ್ಸ್ ಟೀಮಿನಲ್ಲಿದ್ದ. ಹಿಂದೆ ಅದೇ ಟೀಮಿನ ಯುವಕ ವಾಲ್ಟೆರಿ ಬೊಟಾಸ್. ರೇಸ್ ಕೊನೆಯಾಗುತ್ತಾ ಬಂದಾಗ ರೇಡಿಯೊದಲ್ಲಿ ಮಾಸಾನಿಗೆ ಕೇಳಿಸಿತು: "ವಾಲ್ಟೆರಿ ನಿನಗಿಂತ ವೇಗವಾಗಿದ್ದಾನೆ." ಮಾಸಾ ಬಿಡಲಿಲ್ಲ. ಏಳನೆಯವನಾಗಿ ಮುಗಿಸಿದ, ಬೊಟಾಸ್ ಎಂಟನೆಯವ. ವಿಷಯ ಏಳನೇ ಜಾಗದ್ದು, ಗೆಲುವಿನದ್ದಲ್ಲ. ಆದರೂ ಆ ವಿಡಿಯೊ ತೋರಿಸಿದಾಗ ನಮ್ಮ ಕೋಣೆಯಲ್ಲಿ ಚಪ್ಪಾಳೆ ಬಿತ್ತು, ಗ್ಯಾರೇಜಿನ ಅಣ್ಣನೂ ತಟ್ಟಿದರು.

ಹಾಗಾದರೆ ಹೇಗೆ ಮಾಡಬೇಕಿತ್ತು

ಗುಂಪಿನಲ್ಲಿ ನಾನು ಹೇಳುತ್ತಾ ಬಂದದ್ದು ಇಷ್ಟು. ಯಾವ ಹಂತದಲ್ಲಿ ಒಬ್ಬ ಇನ್ನೊಬ್ಬನಿಗೆ ದಾರಿ ಬಿಡಬೇಕು ಅನ್ನುವುದನ್ನು ವರ್ಷದ ಶುರುವಿನಲ್ಲೇ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ಅಂಕದ ಅಂತರ ಎಷ್ಟಾದರೆ, ಎಷ್ಟು ರೇಸ್ ಉಳಿದರೆ ಅನ್ನುವುದು ಮೊದಲೇ ಗೊತ್ತಿರಬೇಕು. ಆಗ ಜುಲೈ ತಿಂಗಳಲ್ಲಿ ಗಂಟೆಗೆ 250 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತಿರುವವನಿಗೆ ಒಗಟು ಬಿಡಿಸುವ ಕೆಲಸ ಇರುವುದಿಲ್ಲ. ಆದೇಶ ಕೊಡುವಾಗ ಆದೇಶ ಅಂತಲೇ ಹೇಳಬೇಕು. ಅದನ್ನು ಚಾಲಕನ ಗೆಳೆಯನಂತಿರುವ ಎಂಜಿನಿಯರ್ ಬಾಯಲ್ಲಿ ಹೇಳಿಸದೆ, ತೀರ್ಮಾನ ಮಾಡಿದ ಮುಖ್ಯಸ್ಥನೇ ರೇಡಿಯೊಗೆ ಬಂದು ಹೇಳಬೇಕು. ರೇಸ್ ಆದ ಮೇಲೆ ಪತ್ರಕರ್ತರ ಮುಂದೆ ಮೊದಲು ಕೂರಬೇಕಾದವನೂ ಅವನೇ.

2024ರ ಜುಲೈ 21ರಂದು ಹಂಗೇರಿಯಲ್ಲಿ ಮೆಕ್‌ಲಾರೆನ್ ಇದರ ಹತ್ತಿರ ಬಂತು. ಆಸ್ಕರ್ ಪಿಯಾಸ್ಟ್ರಿ ಮುಂದಿದ್ದ. ಟೀಮಿನವರು ಲ್ಯಾಂಡೊ ನಾರಿಸ್‌ನನ್ನು ಮೊದಲು ಪಿಟ್‌ಗೆ ಕರೆದದ್ದರಿಂದ, ಹೊಸ ಟೈರಿನ ವೇಗದಲ್ಲಿ ನಾರಿಸ್ ಮುಂದೆ ಬಂದುಬಿಟ್ಟ. ಆ ಜಾಗ ಪಿಯಾಸ್ಟ್ರಿಯದು, ವಾಪಸ್ ಕೊಡು ಅಂತ ಟೀಮ್ ನೇರವಾಗಿ ಹೇಳಿತು. ನಾರಿಸ್ ವಾದ ಮಾಡಿದ, ಸುತ್ತಿನಿಂದ ಸುತ್ತಿಗೆ ಮುಂದೂಡುತ್ತಾ ಹೋದ. ಅವನ ಎಂಜಿನಿಯರ್ ಬೇಡಿಕೊಂಡ, ಪಟ್ಟ ಗೆಲ್ಲಬೇಕಾದರೆ ಟೀಮ್ ಬೇಕು ಅಂತ ನೆನಪಿಸಿದ. ಎಲ್ಲವೂ ನಮ್ಮ ಕಿವಿಗೆ ಬೀಳುತ್ತಲೇ ಇತ್ತು. 70ರಲ್ಲಿ 68ನೇ ಸುತ್ತಿಗೆ ನಾರಿಸ್ ದಾರಿ ಬಿಟ್ಟ. ಪಿಯಾಸ್ಟ್ರಿಗೆ ಅದು ಮೊದಲ ಗೆಲುವು.

ನಮ್ಮ ಹುಡುಗನಿಗೆ ಅದೂ ಹಿಡಿಸಲಿಲ್ಲ. ಮೊದಲೇ ಸರಿಯಾಗಿ ಪಿಟ್‌ಗೆ ಕರೆದಿದ್ದರೆ ಇದೇನೂ ಬೇಕಿರಲಿಲ್ಲ ಅಂದ, ಅದು ನಿಜ. ಮಾವ ಮಾತ್ರ ಬೇರೆ ವಿಷಯ ಕೇಳಿದರು. "ಆ ಹುಡ್ಗ ಬಿಟ್ಟುಕೊಟ್ಟದ್ದು ಟೀಮ್ ಹೇಳಿದ್ದಕ್ಕೆ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ?" ಗೊತ್ತಾಯಿತು ಅಂದೆ. "ಅಷ್ಟಾದ್ರೆ ಅಡ್ಡಿಲ್ಲೆ," ಅಂದರು. ಹುಡುಗ ಇನ್ನೂ ಒಪ್ಪಿಲ್ಲ.